ಒಂದು ದಡಕ್ಕೆ ಒಂದೇ ಸಲ

ಬೇಸಿಗೆ ರಜೆ ಶುರುವಾದ ದಿನದಿಂದಲೇ ನಮ್ಮ ಮನೆಯಲ್ಲಿ ಎಲ್ಲರೂ ನನ್ನ ಮುಖ ನೋಡತೊಡಗುತ್ತಾರೆ, ಈ ಸಲ ಯಾವ ದಡ ಅಂತ. ನಾನು ಬಟ್ಟೆ ಒಣಹಾಕುತ್ತಿರಲಿ, ಬಚ್ಚಲು ತಿಕ್ಕುತ್ತಿರಲಿ, ಬಂದು ಪಕ್ಕದಲ್ಲಿ ನಿಂತು ಕೇಳುತ್ತಾರೆ. ಮದುವೆಯಾಗಿ ಹದಿನಾರು ವರ್ಷವಾಯಿತು, ದಡ ಆರಿಸುವ ಕೆಲಸ ನನ್ನ ಕೊರಳಿಗೆ ಬಿದ್ದು ಹದಿನೈದು ವರ್ಷ. ಮೊದಲ ವರ್ಷ ಹೊಸ ಸೊಸೆ ಅಂತ ಬಿಟ್ಟಿದ್ದರು.

ನಮ್ಮೂರಿಗೆ ನೀರಿನ ಕೊರತೆಯೇನೂ ಇಲ್ಲ. ಹೊಳೆ ಊರನ್ನು ಮೂರು ಕಡೆ ಬಳಸಿಕೊಂಡು ಹೋಗುತ್ತದೆ, ನಾಲ್ಕನೆಯ ಕಡೆ ಕೆರೆಗಳಿವೆ. ಮಕ್ಕಳುಮರಿ ಕಟ್ಟಿಕೊಂಡು ಹೋಗಿ ಒಂದು ಹಗಲು ಕಳೆದು ಬರುವಂಥ ಮರಳಿನ ದಡಗಳು ಒಟ್ಟು ಹದಿನಾಲ್ಕು. ಆದರೆ ಒಂದು ದಡದ ನೀರು ಒಬ್ಬ ಮನುಷ್ಯನನ್ನು ಜನ್ಮದಲ್ಲಿ ಒಂದೇ ದಿನ ಒಳಗೆ ಬಿಟ್ಟುಕೊಳ್ಳುತ್ತದೆ. ಆ ದಿನ ಹೊತ್ತು ಮುಳುಗುವವರೆಗೆ ಎಷ್ಟು ಸಲ ಬೇಕಾದರೂ ಇಳಿಯಬಹುದು, ಹತ್ತಬಹುದು. ಇನ್ನೊಂದು ದಿನ, ಹತ್ತು ವರ್ಷ ಬಿಟ್ಟು ಹೋಗಿ ಕಿರುಬೆರಳು ತಾಗಿಸಿದರೂ ಸರಿಯೆ, ನೀರು ಹಿಂದೆ ಸರಿದು ಹೋಗುತ್ತದೆ. ನಿಮ್ಮೊಬ್ಬರಿಂದಲ್ಲ, ಅಲ್ಲಿರುವ ಎಲ್ಲರಿಂದ. ಮಾರನೆಯ ಬೆಳಗಿನವರೆಗೆ ಅಲ್ಲಿ ಕೆಸರು ಬಿಟ್ಟರೆ ಬೇರೇನೂ ಇರುವುದಿಲ್ಲ. ಅವತ್ತು ಇಳಿದಿದ್ದವರ ಸರದಿಯೂ ಅಲ್ಲಿಗೆ ಮುಗಿಯಿತು, ಅವರು ಇಡೀ ಬೆಳಿಗ್ಗೆ ಈಜಿದ್ದರೂ ಅಷ್ಟೆ, ಪಾದ ನೆನೆಸಿದ್ದರೂ ಅಷ್ಟೆ.

ಇದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಗಂಡು ಹೆಣ್ಣು ನೋಡುವಾಗ ಜಾತಕದ ಜೊತೆ ದಡವನ್ನೂ ಕೂಡಿಸುತ್ತಾರೆ, ಇಬ್ಬರೂ ಇಳಿಯದ ದಡ ನಾಲ್ಕಾದರೂ ಇರಬೇಕು ಅಂತ. ನನ್ನಪ್ಪ ಸೋಮಾರಿ, ನಮ್ಮನ್ನು ಹೆಚ್ಚಾಗಿ ಎಲ್ಲಿಗೂ ಕರೆದುಕೊಂಡು ಹೋಗುತ್ತಿರಲಿಲ್ಲ. ಹಾಗಾಗಿ ನನಗೆ ಒಂಬತ್ತು ದಡ ಉಳಿದಿದ್ದವು. ಒಂಬತ್ತು ಉಳಿಸಿಕೊಂಡ ಹುಡುಗಿ ಅಂತ ನನ್ನ ಅತ್ತೆ ಚೆಲುವಮ್ಮನವರು ಕೇರಿಗೆಲ್ಲ ಹೇಳಿಕೊಂಡು ಓಡಾಡಿದ್ದರಂತೆ.

ಬೀರುವಿನ ಬಾಗಿಲಿನ ಒಳಮೈಗೆ ನಮ್ಮ ಮನೆಯ ದಡದ ಪಟ್ಟಿ ಅಂಟಿಸಿದೆ. ಎಡಕ್ಕೆ ಹದಿನಾಲ್ಕು ದಡದ ಹೆಸರು, ಮೇಲೆ ಮನೆಯವರ ಹೆಸರು. ಇಳಿದದ್ದಕ್ಕೆ ಪೆನ್ಸಿಲಿನಲ್ಲಿ ಒಂದು ಗೀಟು. ಪ್ರತಿ ಏಪ್ರಿಲ್‌ನಲ್ಲಿ ನಾನು ಸೀರೆ ಮಡಿಸುವುದನ್ನು ಬಿಟ್ಟು ಅದರ ಮುಂದೆ ನಿಲ್ಲುತ್ತೇನೆ. ನನ್ನ ಗಂಡ ನಿಂಗರಾಜು ಇಳಿದಿರುವಲ್ಲಿ ನಾನು ಇಳಿದಿಲ್ಲ, ನಾನು ಇಳಿದಿರುವಲ್ಲಿ ದೊಡ್ಡವಳು ಇಂಚರ ಇಳಿದಿಲ್ಲ, ಇಂಚರ ಇಳಿದಿರುವ ಬಿಳಿಮರಳು ದಡಕ್ಕೇ ಚಿಕ್ಕವಳು ಮೇದಿನಿ ಹೋಗಬೇಕು ಅಂತಾಳೆ. ಎಲ್ಲರಿಗೂ ಕೂಡಿಬಂದ ದಡಕ್ಕೆ ಬಸ್ಸಿರುವುದಿಲ್ಲ. ಬಸ್ಸಿರುವ ದಡದಲ್ಲಿ ಹೆಂಗಸರು ಬಟ್ಟೆ ಬದಲಾಯಿಸಲು ಒಂದು ಮರೆ ಇರುವುದಿಲ್ಲ. ತೂಬಿನ ಕೆರೆಯಲ್ಲಿ ಜಿಗಣೆ. ಗೂಬೆಕಲ್ಲಿನಲ್ಲಿ ಕೋತಿಗಳು ಡಬ್ಬಿಯ ಮುಚ್ಚಳ ತೆಗೆಯುವುದನ್ನು ಕಲಿತುಬಿಟ್ಟಿವೆ. ಹೀಗಾಗಿ ಹೆಚ್ಚಿನ ವರ್ಷ ಯಾವುದೂ ಕೂಡಿಬರದೆ ರಜೆ ಮನೆಯಲ್ಲೇ ಮುಗಿದುಹೋಗುತ್ತದೆ. ನಿಂಗರಾಜು ಕರೆಂಟಿನ ಮೀಟರ್ ಓದುವ ಕೆಲಸದವರು, ಊರಿನ ಓಣಿ ಓಣಿ ಅವರಿಗೆ ಗೊತ್ತು, ಆದರೆ ಈ ಪಟ್ಟಿಯನ್ನು ಒಂದು ಸಲವಾದರೂ ಓದಿದವರಲ್ಲ. ನೀನೇ ನೋಡು ಅಂತಾರೆ. ಆರಿಸಿದ ಮೇಲೆ ಅಲ್ಲಿ ನೆರಳಿಲ್ಲವಲ್ಲ ಅಂತಾರೆ. ಹಿಂದಿನ ದಿನವೆಲ್ಲ ಪುಳಿಯೋಗರೆ ಗೊಜ್ಜು, ಕೋಡುಬಳೆ ಮಾಡಿಟ್ಟು, ಬೆಳಗ್ಗೆ ನಾಲ್ಕಕ್ಕೆದ್ದು ಮೊಸರನ್ನ ಕಲಸಿ, ಟವೆಲು ಚಾಪೆ ಹೊತ್ತು, ಅಲ್ಲಿ ಹೋಗಿ ಎಲ್ಲರ ಚಪ್ಪಲಿ ಒಂದೆಡೆ ಜೋಡಿಸಿ ಮುಗಿಯುವ ಹೊತ್ತಿಗೆ ನನಗೆ ನೀರಿನ ಮೇಲಿನ ಆಸೆಯೇ ಹೋಗಿರುತ್ತದೆ.

ಪಟ್ಟಿಯಲ್ಲಿ ಅತ್ತೆಯ ಸಾಲಿನಲ್ಲಿ ಒಂದೇ ಒಂದು ಮನೆ ಖಾಲಿ ಇತ್ತು. ನೇರಳೆದಡ. ಹತ್ತೊಂಬತ್ತು ವರ್ಷದಿಂದ ಅದು ಹಾಗೇ ಇತ್ತು. ನಾವು ಬೇರೆ ಎಲ್ಲಿಗೆ ಹೋದರೂ ಅವರು ಮರಳಿನ ಮೇಲೆ ಕೂತು ನಮ್ಮ ಬಟ್ಟೆಬರೆ ಕಾಯುತ್ತಿದ್ದರು, ಮಕ್ಕಳ ತಲೆ ಒರೆಸುತ್ತಿದ್ದರು. ನೇರಳೆದಡಕ್ಕೆ ಹೋಗೋಣ ಅಂದರೆ ಈ ವರ್ಷ ಬೇಡ ಅನ್ನುತ್ತಿದ್ದರು. ಕಡೆಯ ದಡವನ್ನು ಖರ್ಚು ಮಾಡಲು ವಯಸ್ಸಾದವರಿಗೆ ಭಯ ಇರುತ್ತದೆ, ಅದು ಮುಗಿದರೆ ತಾನೂ ಮುಗಿದೆ ಅನ್ನಿಸುತ್ತದಂತೆ. ಇವರಿಗೂ ಅದೇ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಅವರ ಈ ಹಟದಿಂದ ನನಗೆ ಒಳಗೊಳಗೇ ಎಷ್ಟು ನೆಮ್ಮದಿಯಾಗಿತ್ತು ಅನ್ನುವುದು ಯಾರಿಗೂ ಗೊತ್ತಿರಲಿಲ್ಲ.

ಪಟ್ಟಿಯಲ್ಲಿ ನನ್ನ ಸಾಲಿನಲ್ಲೂ ನೇರಳೆದಡ ಖಾಲಿ ಇತ್ತು. ಅದು ಸುಳ್ಳು. ನಾನು ಅಲ್ಲಿ ಇಳಿದು ಹನ್ನೊಂದು ವರ್ಷವಾಗಿತ್ತು.

ಮಾವ ತೀರಿಕೊಂಡ ವರ್ಷ ಅದು. ಎಂಟು ತಿಂಗಳು ಮಲಗಿದ್ದಲ್ಲೇ ಇದ್ದರು, ಆಮೇಲೆ ಹದಿಮೂರು ದಿನ ಮನೆತುಂಬ ನೆಂಟರು. ಹದಿನಾಲ್ಕನೆಯ ದಿನ ಎಲ್ಲರೂ ಹೋದ ಮೇಲೆ ಖಾರದ ಪುಡಿ ಮಾಡಿಸಲು ನನ್ನನ್ನು ಮಿಲ್ಲಿಗೆ ಕಳಿಸಿದರು. ಮಿಲ್ಲಿನಲ್ಲಿ ಸಾಲು ಉದ್ದ ಇತ್ತು, ಇನ್ನೂ ಮೂರು ಗಂಟೆ ಹಿಡಿಯುತ್ತೆ ಅಂದ ಮಿಲ್ಲಿನವನು. ನಾನು ಮೆಣಸಿನಕಾಯಿಯ ಚೀಲವನ್ನು ಅಲ್ಲೇ ಸರದಿಯಲ್ಲಿಟ್ಟು, ಎದುರಿಗೆ ನಿಂತಿದ್ದ ಬಸ್ಸು ಹತ್ತಿದೆ. ಆ ಬಸ್ಸು ನೇರಳೆದಡಕ್ಕೆ ಹೋಗುವುದು ಅಂತ ಬೋರ್ಡು ನೋಡಿಯೇ ಹತ್ತಿದೆ, ಗೊತ್ತಿಲ್ಲದೆ ಹತ್ತಿದೆ ಅಂತ ಈಗ ಹೇಳಿದರೆ ತಪ್ಪಾಗುತ್ತದೆ. ಸಂಜೆ ಖಾರದ ಪುಡಿ ಹಿಡಿದುಕೊಂಡು ಮನೆಗೆ ಬಂದಾಗ ತಲೆ ಯಾಕೆ ಒದ್ದೆ ಅಂತ ಅತ್ತೆ ಕೇಳಿದರು. ಮಿಲ್ಲಿನ ಘಾಟು ತಡೆಯಲಾರದೆ ನಲ್ಲಿಯ ಕೆಳಗೆ ತಲೆಯೊಡ್ಡಿದೆ ಅಂದೆ. ಅವರು ಹೂಂ ಅಂದು ಪುಡಿಯ ಬಣ್ಣ ನೋಡಿದರು.

ಒಬ್ಬಳೇ ದಡಕ್ಕೆ ಹೋಗುವುದು ನಮ್ಮಲ್ಲಿ ಸಣ್ಣ ವಿಷಯವಲ್ಲ. ಹೆಂಗಸಿನ ದಡ ಅವಳೊಬ್ಬಳದಲ್ಲ, ಅದು ಗಂಡ ಮಕ್ಕಳ ಜೊತೆ ಕಳೆಯಬೇಕಾದ ಒಂದು ಹಗಲು. ಒಬ್ಬಳೇ ಇಳಿದು ಮುಗಿಸಿದರೆ ಮಕ್ಕಳ ಪಾಲನ್ನು ಕದ್ದ ಹಾಗೆ. ಅದಕ್ಕಿಂತ ಹೆಚ್ಚಾಗಿ, ಒಬ್ಬಳೇ ಹೋಗಿದ್ದಳು ಅಂದರೆ ಯಾರ ಜೊತೆ ಅಂತಲೇ ಮೊದಲು ಕೇಳುವುದು. ಬಚ್ಚಿಟ್ಟುಕೊಂಡಿರೋಣ ಅಂದರೆ, ಎರಡನೆಯ ಸಲ ಕಾಲಿಟ್ಟ ಕೂಡಲೇ ನೀರೇ ಹೇಳಿಬಿಡುತ್ತದೆ. ನಾನು ಚಿಕ್ಕವಳಿದ್ದಾಗ ಗಿರಿಯಪ್ಪ ಅನ್ನುವವನು ಕುಡಿದು ಲೆಕ್ಕ ಮರೆತು ತೂಬಿನ ಕೆರೆಗೆ ಎರಡನೆಯ ಸಲ ಇಳಿದಿದ್ದ. ಅವನು ಸತ್ತು ಎಷ್ಟೋ ಕಾಲವಾದರೂ ಅವನ ಮೊಮ್ಮಕ್ಕಳನ್ನು ಈಗಲೂ ನೀರು ಓಡಿಸಿದವರ ಮನೆಯವರು ಅಂತಲೇ ಗುರುತು ಹೇಳುತ್ತಾರೆ. ನನ್ನ ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದಾರೆ.

ಈ ವರ್ಷ ಫೆಬ್ರುವರಿಯಲ್ಲಿ ಅತ್ತೆ ಬಚ್ಚಲಿನಲ್ಲಿ ಜಾರಿ ಬಿದ್ದರು. ಮೂಳೆ ಮುರಿಯಲಿಲ್ಲ, ಆದರೆ ಮಂಡಿ ಕೈಕೊಟ್ಟಿತು. ಆವತ್ತಿನಿಂದ ಗೋಡೆ ಹಿಡಿಯದೆ ನಾಲ್ಕು ಹೆಜ್ಜೆ ಇಡಲಾರರು. ಏಪ್ರಿಲ್ ಕೊನೆಯಲ್ಲಿ ನಾನು ಬೀರುವಿನ ಮುಂದೆ ನಿಂತು ಎಲ್ಲರಿಗೂ ಕೂಡಿಬರುವುದು ಜಾಲಿಕೆರೆ ಅಂತ ಘೋಷಿಸಲು ಸಿದ್ಧಳಾಗುತ್ತಿದ್ದಾಗ ಅವರು ಮಂಚದ ಮೇಲಿಂದಲೇ ಹೇಳಿದರು.

"ಈ ಸಲ ನೇರಳೆದಡ ಕಣೆ ವನಜಾ. ಇನ್ನು ಇಟ್ಕೊಂಡು ಏನ್ ಮಾಡ್ಲಿ."

ಮಕ್ಕಳು ಕುಣಿದಾಡಿದರು. ಆಮೇಲಿನ ಹತ್ತು ದಿನ ನಾನು ಹೇಳಿದ ಸುಳ್ಳುಗಳಿಗೆ ಮಿತಿಯಿಲ್ಲ. ಆ ಬಸ್ಸು ನಿಂತುಹೋಗಿದೆಯಂತೆ ಅಂದೆ, ನಿಂಗರಾಜು ಡಿಪೋದಲ್ಲಿ ವಿಚಾರಿಸಿಕೊಂಡು ಬಂದು ಎರಡು ಹೆಚ್ಚಿಗೆ ಬಿಟ್ಟಿದ್ದಾರೆ ಅಂದರು. ಅಲ್ಲಿ ಮಿಂದ ಮಗುವಿಗೆ ಜ್ವರ ಬಂತಂತೆ ಅಂದೆ, ಯಾವ ಮಗು ಅಂತ ಇಂಚರ ಪತ್ತೇದಾರರ ಹಾಗೆ ಕೇಳಿದಳು. ಅಲ್ಲಿ ಸೆಳವು ಜಾಸ್ತಿ, ಅತ್ತೆಯ ಮಂಡಿಗೆ ಆಗದು ಅಂದೆ. ಅದೊಂದು ನಿಜವಾಗಿತ್ತು, ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಾನು ಇಳಿಯದೆ ಬಟ್ಟೆ ಕಾಯುತ್ತೇನೆ ಅನ್ನಲು ಇನ್ನೊಂದು ಅಡ್ಡಿ ಇತ್ತು. ಕಡೆಯ ದಡಕ್ಕೆ ಇಳಿಯುವವರನ್ನು ಸೊಸೆ ಕೈಹಿಡಿದು ಕರೆದುಕೊಂಡು ಹೋಗಿ ತಲೆಗೆ ಮೂರು ಬೊಗಸೆ ನೀರು ಹುಯ್ಯಬೇಕು. ಅದಕ್ಕೆ ನಮ್ಮಲ್ಲಿ ಕಡೇ ನೀರು ಅನ್ನುತ್ತಾರೆ. ಸೊಸೆ ಇದ್ದೂ ಹುಯ್ಯದಿದ್ದರೆ ಅತ್ತೆ ಸೊಸೆಗೆ ಮಾತಿಲ್ಲ ಅಂತ ಅರ್ಥ. ಎಷ್ಟೋ ರಾತ್ರಿ ನಿದ್ದೆಗೆಟ್ಟು ಯೋಚಿಸಿ ಕೊನೆಗೆ ಹೆಂಗಸರಿಗೆ ಸುಲಭವಾಗಿ ಸಿಗುವ ಸುಳ್ಳಿಗೇ ಕೈಹಾಕಿದೆ. ಹೊರಡುವ ಹಿಂದಿನ ಸಂಜೆ, ನಾನು ಹೊರಗಾಗಿದ್ದೇನೆ, ನೀರಿಗಿಳಿಯುವ ಹಾಗಿಲ್ಲ ಅಂದೆ. ಹಾಗಾದರೆ ಮುಂದಿನ ಭಾನುವಾರ ಹೋಗೋಣ ಅನ್ನುತ್ತಾರೇನೋ ಅಂತ ಹೆದರಿದ್ದೆ, ಆದರೆ ನಿಂಗರಾಜುಗೆ ರಜೆ ಇದ್ದದ್ದು ಈ ಭಾನುವಾರ ಮಾತ್ರ. ಅತ್ತೆ, ಇಂಚರ ಹುಯ್ಯಲಿ ಬಿಡು ಅಂದರು. ಅವರ ಮುಖದಲ್ಲಿ ಬೇಜಾರು ಕಾಣಿಸಿತು. ನನಗೆ ಅಳು ಬಂತು, ಅದನ್ನು ಒಗ್ಗರಣೆಯ ಹೊಗೆಗೆ ಹಾಕಿದೆ.

ನೇರಳೆದಡದಲ್ಲಿ ಅವತ್ತು ಸುಮಾರು ನಲವತ್ತು ಮನೆಯವರಿದ್ದರು. ನೇರಳೆ ಮರಗಳ ಕೆಳಗೆ ಜಾಗ ಸಿಗದೆ ಎಷ್ಟೋ ಜನ ಬಿಸಿಲಿನಲ್ಲೇ ಜಮಖಾನ ಹಾಸಿದ್ದರು. ನಮಗೆ ಮರದ ಬುಡದಲ್ಲೊಂದು ತುಂಡು ನೆರಳು ಸಿಕ್ಕಿತು, ಅದರಲ್ಲಿ ಅರ್ಧ ಪಕ್ಕದವರದು. ಪಕ್ಕದವರು ಮೂರು ತಿಂಗಳ ಕೂಸಿಗೆ ಎಣ್ಣೆ ಹಚ್ಚುತ್ತಿದ್ದರು, ಅದರ ಮೊದಲ ದಡವಂತೆ ಅದು. ಆಚೆ ಒಂದು ಹೊಸ ಜೋಡಿ, ಹುಡುಗಿಯ ಕೈಯ ಮದರಂಗಿ ಇನ್ನೂ ಮಾಸಿರಲಿಲ್ಲ. ಇಬ್ಬರಿಗೂ ಕೂಡಿಬಂದದ್ದು ಇದೊಂದೇ ದಡ ಅಂತ ಹುಡುಗನ ತಾಯಿ ನನಗೆ ಹೇಳಿದರು, ನಾನು ಕೇಳದಿದ್ದರೂ.

ನಿಂಗರಾಜು ಒಂದು ಕೈ, ಇಂಚರ ಒಂದು ಕೈ ಹಿಡಿದು ಅತ್ತೆಯನ್ನು ನಿಧಾನವಾಗಿ ಇಳಿಸಿದರು. ದಡದಿಂದ ಹತ್ತು ಹದಿನೈದು ಹೆಜ್ಜೆಯಲ್ಲಿ ನೀರಿನೊಳಗೆ ಒಂದು ಚಪ್ಪಟೆ ಬಂಡೆ ಇದೆ. ಅದರ ಮೇಲೆ ಕೂರಿಸಿದರು. ನೀರು ಎದೆಯವರೆಗೆ ಬರುತ್ತಿತ್ತು. ಇಂಚರ ಮೂರು ಬೊಗಸೆ ಹುಯ್ದಳು. ನಾನು ಒಣ ಮರಳಿನಲ್ಲಿ ನಿಂತು ಕೈಮುಗಿದೆ. ಹೇಗೋ ದಾಟಿತು ಅನ್ನಿಸಿತು. ಸಂಜೆಯವರೆಗೆ ಹೀಗೇ ಕೂತಿದ್ದರೆ ಬೀರುವಿನ ಪಟ್ಟಿಯಲ್ಲಿ ಅತ್ತೆಯ ಸಾಲಿಗೆ ಕೊನೆಯ ಗೀಟೆಳೆದು ಈ ನೇರಳೆದಡದ ಕಾಟವನ್ನು ಮರೆತುಬಿಡಬಹುದು.

ಸ್ವಲ್ಪ ಹೊತ್ತಿಗೆ ಅತ್ತೆ ಮಗನಿಗೂ ಮೊಮ್ಮಗಳಿಗೂ ಕೈಬೀಸಿ ಹೋಗಿ ಅಂದರು. ನನ್ನ ಪಾಡಿಗೆ ನನ್ನ ಬಿಡಿ, ನೀವು ಆಡಿಕೊಳ್ಳಿ ಅಂದದ್ದು ನನಗೂ ಕೇಳಿಸಿತು. ನಿಂಗರಾಜು ಹಿಂದೆಮುಂದೆ ನೋಡಿದರು. ಅತ್ತೆ ಇನ್ನೊಮ್ಮೆ ಗದರಿದ ಮೇಲೆ ಮಕ್ಕಳನ್ನು ಕರೆದುಕೊಂಡು ಕೆಳಗಿನ ಮಡುವಿನ ಕಡೆ ಹೋದರು. ಅತ್ತೆ ಒಬ್ಬರೇ ಕಣ್ಣು ಮುಚ್ಚಿ ಕೂತರು. ಹೊಳೆಯ ಕಡೆಗೇ ಮುಖ, ನಮ್ಮ ಕಡೆ ಬೆನ್ನು. ಅವರು ಯಾವುದಕ್ಕೂ ಕಾಯದೆ, ಯಾರ ಬಟ್ಟೆಯನ್ನೂ ಕಾಯದೆ ಹಾಗೆ ಕೂತದ್ದನ್ನು ನಾನು ಮೊದಲು ನೋಡಿರಲಿಲ್ಲ.

ಐದು ನಿಮಿಷವಾಗಿತ್ತೋ ಏನೋ. ನಾನು ಡಬ್ಬಿಗಳನ್ನು ಬಿಸಿಲಿನಿಂದ ನೆರಳಿಗೆ ಎಳೆದುಕೊಂಡು ತಲೆಯೆತ್ತಿದಾಗ ಬಂಡೆಯ ಮೇಲೆ ಅತ್ತೆ ಇರಲಿಲ್ಲ. ಬಂಡೆಯಿಂದ ಎರಡು ಮಾರು ಕೆಳಗೆ ಅವರ ಸೆರಗು ತೇಲುತ್ತಿತ್ತು, ಅದರ ಪಕ್ಕದಲ್ಲಿ ಒಂದು ಕೈ ಮೇಲೆದ್ದು ಮುಳುಗಿತು. ಕೂಗು ಇಲ್ಲ, ಏನೂ ಇಲ್ಲ. ನಿಂಗರಾಜುವನ್ನು ಕೂಗಿದೆ. ಮಡುವಿನಲ್ಲಿ ಮಕ್ಕಳ ಗಲಾಟೆ, ಅವರಿಗೆ ಕೇಳಿಸಲಿಲ್ಲ. ಹತ್ತಿರದಲ್ಲಿದ್ದ ಹೊಸ ಜೋಡಿಯನ್ನು ಕೂಗಿದೆ, ಅವರು ನನ್ನ ಮುಖ ನೋಡಿದರೇ ಹೊರತು ನಾನು ತೋರಿಸಿದ ಕಡೆ ನೋಡಲಿಲ್ಲ. ನನಗೆ ಈಜು ಬರುವುದಿಲ್ಲ. ಬಂದರೂ ಅಷ್ಟು ದೂರ ಹೋಗಿ ಮುಟ್ಟುವಷ್ಟು ಹೊತ್ತು ಇರಲಿಲ್ಲ. ಆದರೆ ಆ ಹೊಳೆಯನ್ನು ಖಾಲಿ ಮಾಡುವುದು ನನ್ನಿಂದ ಆಗುತ್ತಿತ್ತು.

ನಾನು ಯೋಚಿಸಿ ಮಾಡಿದೆ ಅಂತ ಜನ ಈಗ ಹೇಳುತ್ತಾರೆ. ಯೋಚಿಸಿಯೇ ಮಾಡಿದೆ. ಮರಳಿನ ಮೇಲೆ ಆ ಎಂಟು ಹತ್ತು ಹೆಜ್ಜೆ ಓಡುವಾಗ ಕೂಸಿನ ಮೊದಲ ದಡ, ಮದರಂಗಿಯ ಹುಡುಗಿ, ಇಂಚರಳ ಮದುವೆ, ಗಿರಿಯಪ್ಪನ ಮೊಮ್ಮಕ್ಕಳು ಎಲ್ಲ ತಲೆಗೆ ಬಂತು. ಬಂದರೂ ಓಡಿದೆ. ಎರಡೂ ಕಾಲನ್ನು ನೀರಿಗಿಟ್ಟೆ.

ಹಾಸಿಗೆಯ ಮೇಲಿನ ಹೊದಿಕೆಯನ್ನು ಯಾರೋ ಆ ತುದಿಯಿಂದ ಎಳೆದುಕೊಂಡ ಹಾಗೆ ನೀರು ನನ್ನ ಪಾದದಿಂದ ಶುರುವಾಗಿ ಹಿಂದೆ ಹೋಯಿತು. ಬಂಡೆ ಬುಡದವರೆಗೆ ಕಂಡಿತು. ಸೊಂಟದವರೆಗೆ ನೀರಿನಲ್ಲಿದ್ದವರು ಬರೀ ಕೆಸರಿನಲ್ಲಿ ನಿಂತಿದ್ದರು. ಮಡುವಿನಲ್ಲಿ ಈಜುತ್ತಿದ್ದ ಹುಡುಗರು ನೆಲಕ್ಕೆ ಕುಕ್ಕರಿಸಿದರು. ನಲವತ್ತು ಮನೆಯ ಗಲಾಟೆ ಒಮ್ಮೆಗೇ ನಿಂತಿತು. ಅತ್ತೆ ಮಗ್ಗುಲಾಗಿ ಕೆಸರಿನಲ್ಲಿ ಬಿದ್ದು ಕೆಮ್ಮುತ್ತಿದ್ದರು. ನಾನು ಹೋಗಿ ಅವರನ್ನು ಎಬ್ಬಿಸಿ ಕೂರಿಸಿ, ಬೆನ್ನು ಗುದ್ದಿದೆ. ಬಾಯಿಂದ ನೀರು ಬಂತು, ಆಮೇಲೆ ಉಸಿರು ಬಂತು. ಅವರು ಕಣ್ಣುಬಿಟ್ಟು ಮೊದಲು ನೋಡಿದ್ದು ನನ್ನ ಕಾಲನ್ನು. ಆಮೇಲೆ ಸುತ್ತ ಬರಿದಾದ ಹೊಳೆಯನ್ನು. ಏನೂ ಕೇಳಲಿಲ್ಲ.

ಕೇಳುವವರು ಬೇರೆ ಇದ್ದರು. ನಿಂಗರಾಜು ಓಡಿ ಬಂದು ತಾಯಿಯನ್ನು ಎತ್ತಿ ಮರದ ಕೆಳಗೆ ತಂದು ಮಲಗಿಸಿದರು. ಉಸಿರಾಟ ಸರಿಯಾಗಿದೆ ಅಂತ ಖಾತ್ರಿಯಾದ ಮೇಲೆ ನನ್ನ ಕಡೆ ತಿರುಗಿದರು. ಮಕ್ಕಳಿಬ್ಬರೂ ಪಕ್ಕದಲ್ಲೇ ಒದ್ದೆ ಬಟ್ಟೆಯಲ್ಲಿ ನಿಂತಿದ್ದರು. ಯಾವಾಗ ಅಂತ ನಿಂಗರಾಜು ಕೇಳಿದರು, ಹೇಳಿದೆ. ಯಾರ ಜೊತೆ ಅಂತ ಕೇಳಿದರು.

"ಯಾರ ಜೊತೆನೂ ಇಲ್ಲ. ಸುಸ್ತಾಗಿತ್ತು, ಬಂದೆ."

ಸುಸ್ತಾಗಿತ್ತಾ ಅಂತ ಅವರು ನನ್ನ ಮಾತನ್ನೇ ತಿರುಗಿ ಕೇಳಿದರು. ಸುಸ್ತಾದರೆ ಮನೆಯಲ್ಲಿ ಮಲಗುವುದು ತಾನೆ ಅಂದರು. ಗದರಲಿಲ್ಲ, ನಿಜಕ್ಕೂ ಅರ್ಥವಾಗದೆ ಕೇಳಿದರು. ನಾನು ಯಾರೋ ಒಬ್ಬನ ಹೆಸರು ಹೇಳಿದ್ದರೆ ಅವರಿಗೆ ನಂಬುವುದು ಸುಲಭವಾಗುತ್ತಿತ್ತೇನೋ. ಈ ಹದಿನಾರು ವರ್ಷದಲ್ಲಿ ನನಗೆ ಅವರ ಮೇಲೆ ಕೋಪ ಬಂದದ್ದು ಎಷ್ಟೋ ಸಲ, ಆದರೆ ಅವತ್ತಿನಷ್ಟು ದೂರದವರು ಅಂತ ಯಾವತ್ತೂ ಅನ್ನಿಸಿರಲಿಲ್ಲ. ಹೆಚ್ಚು ಹೇಳಲು ನನ್ನಲ್ಲಿ ಶಕ್ತಿಯೂ ಇರಲಿಲ್ಲ. ಮಾಡಬೇಕಾದ ಕೆಲಸ ಇನ್ನೂ ಬಾಕಿ ಇತ್ತು.

ನೀರು ಓಡಿಸಿದವರು ದಡದಲ್ಲಿರುವ ಒಂದೊಂದು ಮನೆಯವರ ಮುಂದೆಯೂ ಹೋಗಿ, ನೆಲ ಮುಟ್ಟಿ, ನಿಮ್ಮ ನೀರು ಹೋಯಿತು, ತಪ್ಪಾಯಿತು ಅನ್ನಬೇಕು. ಅವರು ಬೈದರೆ ಬೈಸಿಕೊಳ್ಳಬೇಕು. ನಾನು ಸೆರಗು ಸಿಕ್ಕಿಸಿಕೊಂಡು ಎದ್ದೆ. ಅಷ್ಟರಲ್ಲಿ ಹಿಂದಿನಿಂದ ಅತ್ತೆ ನನ್ನ ತೋಳು ಹಿಡಿದುಕೊಂಡರು. ಮಗ ಬೇಡ ಅಂದರೂ ಕೇಳದೆ, ಕೆಸರು ಸೀರೆಯಲ್ಲೇ ಎದ್ದು ನಿಂತಿದ್ದರು. ನನಗಾಗಿ ಹೋದ ನೀರು, ನಾನೂ ಬರುತ್ತೇನೆ ಅಂದರು.

ನಲವತ್ತು ಮನೆ. ನಾನು ಬಗ್ಗಿ ನೆಲ ಮುಟ್ಟುವಾಗಲೆಲ್ಲ ಅವರ ಭಾರವೂ ನನ್ನ ತೋಳಿನ ಮೇಲೆ ಬೀಳುತ್ತಿತ್ತು. ಕೆಲವರು ಅಜ್ಜಿ ಉಳಿದರಲ್ಲ, ಅಷ್ಟೇ ಸಾಕು ಬಿಡಿ ಅಂದರು. ಕೆಲವರು ಮುಖ ತಿರುಗಿಸಿದರು. ಒಬ್ಬ ಯಜಮಾನರು ನೇರಳೆದಡಕ್ಕೆ ಅಂತ ಎರಡು ದಿನದ ಪ್ರಯಾಣ ಮಾಡಿಕೊಂಡು ಬಂದಿದ್ದರಂತೆ, ಅವರು ನನ್ನನ್ನಲ್ಲ, ನನ್ನ ತವರನ್ನು ಬೈದರು. ಕೂಸಿನ ತಾಯಿ ಇನ್ನೂ ಮಗುವನ್ನು ಇಳಿಸಿಯೇ ಇರಲಿಲ್ಲ, ಅದರ ಸರದಿ ಉಳಿಯಿತು ಅಂತ ಸಮಾಧಾನ ಹೇಳಿಕೊಂಡರು. ಆದರೆ ಅವರು ಆಗಲೇ ಒಮ್ಮೆ ಕಾಲು ನೆನೆಸಿ ಬಂದಿದ್ದರಿಂದ ಅವರ ಸರದಿ ಹೋಗಿತ್ತು, ಮುಂದೆ ಮಗುವನ್ನು ಕರೆದುಕೊಂಡು ಬಂದರೂ ಅವರು ಮರಳಿನ ಮೇಲೇ ಕೂರಬೇಕು. ಆಮೇಲೆ ಮದರಂಗಿಯ ಹುಡುಗಿ. ಅವಳ ಕಾಲು ಹಿಮ್ಮಡಿಯವರೆಗೆ ಮಾತ್ರ ನೆನೆದಿತ್ತು. ಅವಳ ಮುಂದೆ ನಾನು ಬಗ್ಗಿದಾಗ ಬೇಡ ಅಕ್ಕ ಅಂತ ಕೈಹಿಡಿದಳು. ಬೈದವರ ಮಾತೆಲ್ಲ ನನಗೆ ಮರೆತುಹೋಗಿದೆ, ಅವಳ ಕೈ ಮರೆತಿಲ್ಲ.

ಕೊನೆಯ ಮನೆ ಮುಗಿಯುವ ಹೊತ್ತಿಗೆ ನಿಂಗರಾಜು ಮಕ್ಕಳನ್ನೂ ಡಬ್ಬಿಗಳನ್ನೂ ತೆಗೆದುಕೊಂಡು ಬಸ್‌ಸ್ಟಾಪಿಗೆ ಹೋಗಿಬಿಟ್ಟಿದ್ದರು. ಹೋಗುವ ಮೊದಲು ಮೇದಿನಿ ಓಡಿ ಬಂದು ಅಜ್ಜಿಗೆ ಒಣ ಟವೆಲು ಕೊಟ್ಟು ಹೋದಳು. ಇಂಚರ ದೂರದಲ್ಲೇ ನಿಂತಿದ್ದಳು, ನನ್ನನ್ನು ಹೊಸಬಳನ್ನು ನೋಡುವ ಹಾಗೆ ನೋಡುತ್ತಿದ್ದಳು. ಡಬ್ಬಿಯೊಳಗಿನ ಪುಳಿಯೋಗರೆಯನ್ನು ಯಾರೂ ಮುಟ್ಟಿರಲಿಲ್ಲ.

ಸ್ಟಾಪಿಗೆ ಅರ್ಧ ಮೈಲಿ. ಅತ್ತೆಯ ಕಾಲಿಗೆ ಅದು ಒಂದು ಗಂಟೆಯ ದಾರಿ. ನಡುವೆ ಒಂದು ಮೋರಿಯ ಕಟ್ಟೆಯ ಮೇಲೆ ಅವರನ್ನು ಕೂರಿಸಿದೆ. ಟವೆಲಿನಿಂದ ತಲೆ ಒರೆಸಿದೆ, ಕೂದಲಿನಲ್ಲಿ ಮರಳು ಸಿಕ್ಕಿಕೊಂಡಿತ್ತು. ಕಡೇ ನೀರನ್ನು ನಾನು ಹುಯ್ಯಲಿಲ್ಲ, ಇದ್ದ ನೀರನ್ನೂ ಓಡಿಸಿದೆ, ಹತ್ತೊಂಬತ್ತು ವರ್ಷ ಕಾಪಾಡಿಕೊಂಡದ್ದು ಐದು ನಿಮಿಷಕ್ಕೆ ಮುಗಿಯಿತಲ್ಲ ಅತ್ತೆ ಅಂದೆ. ಆಗ ತಡೆದುಕೊಂಡ ಅಳುವೆಲ್ಲ ಬಂತು. ಅವರು ಅಳಬೇಡ ಅನ್ನಲಿಲ್ಲ. ನಾನು ಅತ್ತು ಮುಗಿಸುವವರೆಗೆ ರಸ್ತೆ ನೋಡುತ್ತಾ ಕೂತಿದ್ದು ಆಮೇಲೆ ಹೇಳಿದರು.

"ನಾನೂ ಅದಕ್ಕೇ ಇಟ್ಕೊಂಡಿದ್ದೆ ಕಣೆ. ಒಬ್ಬಳೇ ಹೋಗ್ಬೇಕು ಅಂತ. ಪ್ರತಿ ವರ್ಷ ಅಂದ್ಕೋತಿದ್ದೆ. ನಿಮ್ಮಾವ ಇದ್ರು, ಆಮೇಲೆ ನಿನ್ನ ಮಕ್ಕಳು ಸಣ್ಣವು, ಆಮೇಲೆ ಜನ ಏನಂತಾರೋ ಅಂತ. ಧೈರ್ಯ ಬರೋ ಹೊತ್ಗೆ ಮಂಡಿ ಹೋಯ್ತು."

ನಾನು ಒರೆಸುವುದನ್ನು ನಿಲ್ಲಿಸಿದೆ. ಸಾವಿಗೆ ಹೆದರಿ ಇಟ್ಟುಕೊಂಡಿದ್ದಾರೆ ಅಂತ ನಾವೆಲ್ಲ ಎಷ್ಟು ಸಲ ತಮಾಷೆ ಮಾಡಿದ್ದೆವು. ನಾನೂ ಮಾಡಿದ್ದೆ, ನಾನೇ ಹೆಚ್ಚು ಮಾಡಿದ್ದೆ. ಹನ್ನೊಂದು ವರ್ಷ ಒಂದೇ ಅಡುಗೆಮನೆಯಲ್ಲಿ ಇಬ್ಬರೂ ಒಂದೇ ದಡವನ್ನು ಬಚ್ಚಿಟ್ಟುಕೊಂಡು ಓಡಾಡಿದ್ದೆವು. ನನಗೆ ಅವರ ಮೇಲೆ ಎಂದೂ ಬರದಷ್ಟು ಪ್ರೀತಿ ಬಂತು. ಟವೆಲು ಮಡಿಸಿಕೊಂಡು ಅವರ ಪಕ್ಕದಲ್ಲಿ ಕೂತೆ.

ಅವರು ಬೇರೇನೂ ವಿಚಾರಿಸಲಿಲ್ಲ. ಅವತ್ತು ಒಬ್ಬಳೇ ಇಳಿದದ್ದು ಹೇಗಿತ್ತು ಹೇಳು ಅಂದರು. ಹೇಳುವಂಥದ್ದೇನೂ ಇಲ್ಲ ಅತ್ತೆ ಅಂದೆ. ಆದರೂ ಹೇಳು ಅಂದರು. ದಡದಲ್ಲಿ ಒಂದು ನಾಯಿ ಬಿಟ್ಟರೆ ಯಾರೂ ಇರಲಿಲ್ಲ ಅಂದೆ. ಸೀರೆಯುಟ್ಟೇ ಇಳಿದೆ. ಕತ್ತಿನವರೆಗೆ ನೀರು ಬರುವಲ್ಲಿ ಹೋಗಿ, ಬೇರು ಹಿಡಿದುಕೊಂಡು ಅಂಗಾತ ಮಲಗಿದೆ. ಕಿವಿಯೊಳಗೆ ನೀರು ಹೋಗಿ ಏನೂ ಕೇಳಿಸುತ್ತಿರಲಿಲ್ಲ. ಕೈಕಾಲು ನನ್ನವಲ್ಲ ಅನ್ನುವ ಹಾಗೆ ಬಿಟ್ಟುಬಿಟ್ಟಿದ್ದೆ. ಏನನ್ನೂ ಯೋಚಿಸಲಿಲ್ಲ. ಯಾರೂ ನನ್ನನ್ನು ಕರೆಯಲಿಲ್ಲ. ಅತ್ತೆ ಮಂಡಿಯ ಮೇಲೆ ಕೈಯಿಟ್ಟುಕೊಂಡು, ನನ್ನ ಬಾಯಿಯನ್ನೇ ನೋಡುತ್ತಾ, ಒಂದೊಂದು ಮಾತನ್ನೂ ಕೇಳಿಸಿಕೊಂಡರು.

"ಎಷ್ಟೊತ್ತು ಇದ್ದೆ?"

ಅರ್ಧ ಗಂಟೆ ಇರಬಹುದು ಅಂದೆ.

"ಅಷ್ಟೊತ್ತಾ," ಅಂದರು ಅತ್ತೆ.